ಮೂರನೆಯ ತೂತು

ಚೆನ್ನೈನ ವೇಳಚ್ಚೇರಿಯಲ್ಲಿ ನನ್ನ ಅಕ್ಕನ ಮನೆ. ನಾಲ್ಕು ಮಹಡಿಯ ಹಳೆಯ ಅಪಾರ್ಟ್‌ಮೆಂಟು, ಕೆಳಗೆ ಕಂಬಗಳ ನಡುವೆ ಪಾರ್ಕಿಂಗ್. ಅಲ್ಲಿಯ ಒಂದು ಮೂಲೆಯಲ್ಲಿ, ನೀರಿನ ಮೋಟಾರಿನ ಪಕ್ಕದಲ್ಲಿ, ಅಕ್ಕನ ಮಗ ತನ್ನ ಸೈಕಲ್ಲನ್ನು ಎಲೆಕ್ಟ್ರಿಕ್ ಮಾಡಿ ನಿಲ್ಲಿಸಿಕೊಂಡಿದ್ದಾನೆ. ಹಿಂದಿನ ಚಕ್ರದಲ್ಲಿ ಹಬ್ ಮೋಟಾರು. ಕಂಟ್ರೋಲರ್, ವೈರು, ಕನೆಕ್ಟರುಗಳೆಲ್ಲ ಮೌಂಟ್ ರೋಡಿನ ಹಿಂದಿರುವ ರಿಚ್ಚಿ ಸ್ಟ್ರೀಟಿನವು. ಕಬ್ಬಿಣದ ಪಟ್ಟಿ, ಬೋಲ್ಟು, ಹಳೆಯ ಕ್ಯಾರಿಯರ್ ಪುದುಪೇಟೆಯ ಗುಜರಿಯಿಂದ ಬಂದವು. ಬ್ಯಾಟರಿಯನ್ನು ಮಾತ್ರ ಅವನೇ ಕಟ್ಟಿದ್ದು. ಕೆಟ್ಟ ಲ್ಯಾಪ್‌ಟಾಪುಗಳ ಹೊಟ್ಟೆ ಬಗೆದು ತೆಗೆದ 65 ಸೆಲ್ಲುಗಳನ್ನು ಐದೈದರ ಗುಂಪು ಮಾಡಿ, 13 ಗುಂಪುಗಳನ್ನು ಸಾಲಾಗಿ ಪೋಣಿಸಿದ್ದಾನೆ. ಬ್ಯಾಟರಿಗೆ ಸುತ್ತಿದ ನೀಲಿ ಪ್ಲಾಸ್ಟಿಕ್ ಹಾಳೆಯೊಳಗಿಂದ ನಿಕ್ಕಲ್ ಪಟ್ಟಿಗಳು ಕಾಣುತ್ತವೆ.

ಮಳೆ ನಿಂತ ಒಂದು ಸಂಜೆ ಅದನ್ನು ಚಾರ್ಜಿಗೆ ಹಾಕಿದ್ದ. ಕೆಳಗೆ ಒದ್ದೆ ಸಿಮೆಂಟು. ಇಬ್ಬರೂ ಬರಿಗಾಲು.

“ಮಾವ, ಇಲ್ಲಿ ಮುಟ್ಟಿ ನೋಡಿ. ಸುಮ್ನೆ ಜುಮ್ ಅನ್ನುತ್ತೆ, ಏನೂ ಆಗಲ್ಲ.”

ಮುಟ್ಟಬಾರದಿತ್ತು, ಮುಟ್ಟಿದೆ. ಬೆರಳ ಬೆನ್ನು ಹ್ಯಾಂಡಲ್ಲಿಗೆ ತಾಗಿದಾಗ ಚರ್ಮದ ಮೇಲೆ ಇರುವೆ ಸಾಲು ಹರಿದಂತಾಯಿತು. ನಾವು ‘ಕರೆಂಟ್ ಹೊಡೆಯಿತು’ ಅನ್ನುತ್ತೇವೆ, ತಮಿಳರು ‘ಷಾಕ್ ಅಡಿಕ್ಕುದು’ ಅನ್ನುತ್ತಾರೆ. ಎರಡು ಭಾಷೆಯಲ್ಲೂ ವಿದ್ಯುತ್ತಿಗೆ ಕೈಯಿದೆ. ಈ ಸೈಕಲ್ಲು ಹೊಡೆಯಲಿಲ್ಲ, ಬರೀ ಚಿವುಟಿತು. ಹುಡುಗನ ಜೇಬಿನಲ್ಲಿ ಟೆಸ್ಟರ್ ಇತ್ತು. ಅದರ ತುದಿಯನ್ನು ಸೈಕಲ್ಲಿನ ಚೌಕಟ್ಟಿಗೆ ತಾಗಿಸಿ ಹಿಂಬದಿಗೆ ಹೆಬ್ಬೆರಳಿಟ್ಟ. ಒಳಗಿನ ನಿಯಾನ್ ದೀಪ ಕಿತ್ತಳೆ ಬಣ್ಣದಲ್ಲಿ ಹೊತ್ತಿಕೊಂಡಿತು.

ಹೀಗೆ ಟೆಸ್ಟರ್ ಹೊತ್ತುವುದಾದರೂ ಹೇಗೆ? ಅದರೊಳಗೆ ದೀಪದ ಜೊತೆ ಒಂದು ದೊಡ್ಡ ರೆಸಿಸ್ಟರ್ ಇರುತ್ತದೆ. ಕರೆಂಟು ಆ ಎರಡನ್ನೂ ದಾಟಿ, ಹಿಡಿದವನ ಹೆಬ್ಬೆರಳಿನಿಂದ ಮೈಯೊಳಗೆ ಹಾದು ನೆಲಕ್ಕೆ ಇಳಿಯುತ್ತದೆ. ಸರ್ಕ್ಯೂಟಿನ ಕೊನೆಯ ತುಂಡು ವೈರು ನೀವೇ. ಹರಿಯುವುದು ಮೈಕ್ರೋಆಂಪಿಯರುಗಳಷ್ಟೇ ಆದ್ದರಿಂದ ಗೊತ್ತಾಗುವುದಿಲ್ಲ. ಆದರೆ ಸೈಕಲ್ಲಿನ ಚೌಕಟ್ಟಿನಲ್ಲಿ ಆ ದೀಪ ಹೊತ್ತಿತೆಂದರೆ, ಎಲ್ಲಿಂದಲೋ ಅಲ್ಲಿಗೆ ಮನೆಯ ಕರೆಂಟು ಬಂದು ಕೂತಿದೆ ಎಂದೇ ಅರ್ಥ.

ಅದು ಬಂದದ್ದು ಚಾರ್ಜರಿನಿಂದ. ಹುಡುಗ ಚಾರ್ಜರಿನ ಅಲ್ಯೂಮಿನಿಯಂ ಡಬ್ಬಿಯನ್ನು ಕ್ಯಾರಿಯರಿಗೇ ಬೋಲ್ಟ್ ಹಾಕಿ ಬಿಗಿದಿದ್ದ. ಡಬ್ಬಿಯೊಳಗೆ ಗೋಡೆಯ 230 ವೋಲ್ಟ್ ಎಸಿ ಮೊದಲು ಡಿಸಿ ಆಗುತ್ತದೆ, ಆಮೇಲೆ ಸೆಕೆಂಡಿಗೆ ಹತ್ತಾರು ಸಾವಿರ ಸಲ ಕಡಿದು ಕಡಿದು ಪುಟ್ಟ ಟ್ರಾನ್ಸ್‌ಫಾರ್ಮರಿನ ಮೂಲಕ ದಾಟಿ, ಕೊನೆಗೆ 54.6 ವೋಲ್ಟ್ ಆಗಿ ಹೊರಬರುತ್ತದೆ. ಈ ಕಡಿತದ ಗದ್ದಲ ಪಕ್ಕದ ಮನೆಯ ರೇಡಿಯೋಗೆ ತಾಗದಿರಲೆಂದು ಫೇಸಿನಿಂದ ಒಂದು, ನ್ಯೂಟ್ರಲ್ಲಿನಿಂದ ಒಂದು ಚಿಕ್ಕ ಕೆಪಾಸಿಟರನ್ನು ಲೋಹದ ಡಬ್ಬಿಗೆ ಕಟ್ಟಿರುತ್ತಾರೆ. ಇದು ಕಳ್ಳದಾರಿಯಲ್ಲ, ವಿನ್ಯಾಸಕಾರ ಬೇಕೆಂದೇ ಬಿಟ್ಟ ಕಿಂಡಿ. ಅದರಲ್ಲಿ ಜಿನುಗಿದ್ದು ಮೂರನೆಯ ಪಿನ್ನಿನಿಂದ ಭೂಮಿಗೆ ಹೋಗಬೇಕು. ಪಿನ್ನಿನ ಹಿಂದೆ ಭೂಮಿಯೇ ಇಲ್ಲದಿದ್ದರೆ ಡಬ್ಬಿ ಫೇಸಿಗೂ ನ್ಯೂಟ್ರಲ್ಲಿಗೂ ನಡುವೆ, ಸುಮಾರು 115 ವೋಲ್ಟಿನಲ್ಲಿ, ತೇಲುತ್ತಾ ಇರುತ್ತದೆ. ಅದರ ಜೊತೆ ಕ್ಯಾರಿಯರೂ ಹ್ಯಾಂಡಲ್ಲೂ ತೇಲುತ್ತವೆ. ಮುಟ್ಟಿದವನ ಮೈಯಲ್ಲಿ ಒಂದು ಮಿಲಿಆಂಪಿಯರಿನ ಆಸುಪಾಸು ಹರಿದು ಜುಮ್ಮೆನ್ನುತ್ತದೆ.

ಹುಡುಗ ಹೇಳಿದ್ದು ಅಷ್ಟರಮಟ್ಟಿಗೆ ಸರಿ. ಆ ಜುಮ್ಮಿನಿಂದ ಏನೂ ಆಗುವುದಿಲ್ಲ. ಆದರೆ ಆ ಜುಮ್ಮು ಒಂದು ಸುದ್ದಿ ಹೇಳುತ್ತಿತ್ತು: ಮೂರನೆಯ ತೂತಿನ ಹಿಂದೆ ಯಾರೂ ಇಲ್ಲ. ನಾಳೆ ಚಾರ್ಜರಿನೊಳಗೆ ಒಂದು ಫೇಸ್ ವೈರಿನ ಹೊದಿಕೆ ಸವೆದು ಡಬ್ಬಿಗೆ ತಾಗಿದರೆ, ಅದೇ ಹ್ಯಾಂಡಲ್ಲಿಗೆ ಪೂರ್ತಿ 230 ವೋಲ್ಟ್ ಬರುತ್ತದೆ. ಆಗ ನಡುವೆ ತಡೆಯುವ ಕೆಪಾಸಿಟರೂ ಇರುವುದಿಲ್ಲ. ಒದ್ದೆ ಮೈಯ ರೋಧ ಸುಮಾರು 1000 ಓಮಿಗೆ ಇಳಿಯಬಹುದು. ಭಾಗಿಸಿ ನೋಡಿ: 230 ಮಿಲಿಆಂಪಿಯರ್.

ಆ ಅಂಕಿಯ ತೂಕ ತಿಳಿಯಬೇಕಾದರೆ ಚಾರ್ಲ್ಸ್ ಡಾಲ್‌ಝೀಲ್ ಎಂಬ ಮೇಷ್ಟರ ಬಳಿಗೆ ಹೋಗಬೇಕು. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಕಲಿಸುತ್ತಿದ್ದ ಅವರು ಸ್ವಯಂಸೇವಕರ ಕೈಗೆ ತಂತಿ ಕೊಟ್ಟು ನಿಧಾನವಾಗಿ ಕರೆಂಟು ಏರಿಸುತ್ತಾ ಹೋದರು. ಎಷ್ಟು ಕರೆಂಟಿಗೆ ಮುಷ್ಟಿ ಬಿಗಿದುಕೊಂಡು, ಬಿಡಬೇಕೆಂದರೂ ಬಿಡಲಾಗದಂತೆ ಆಗುತ್ತದೆ ಎಂಬುದು ಅವರ ಪ್ರಶ್ನೆ. ಗಂಡಸರಲ್ಲಿ ಸರಾಸರಿ 16 ಮಿಲಿಆಂಪಿಯರ್, ಹೆಂಗಸರಲ್ಲಿ 10.5. ಇಂಥ ಪ್ರಯೋಗಕ್ಕೆ ಇವತ್ತು ಯಾವ ನೈತಿಕ ಸಮಿತಿಯೂ ಸುಲಭವಾಗಿ ಸಹಿ ಹಾಕಲಾರದು, ಆದರೆ ಆ ಅಂಕಿಗಳ ಮೇಲೆಯೇ ನಮ್ಮ ಮನೆಗಳ ರಕ್ಷಣೆ ನಿಂತಿದೆ. ಇನ್ನೂ ಮೇಲೆ, ಹತ್ತಾರು ಮಿಲಿಆಂಪಿಯರ್ ಎದೆಯ ಮೂಲಕ ಹಾದರೆ ಹೃದಯ ತಾಳ ತಪ್ಪಿ ಬರೀ ಅದುರತೊಡಗುತ್ತದೆ. 1961ರಲ್ಲಿ ಡಾಲ್‌ಝೀಲ್ ಸೋರಿಕೆ ಕಂಡ ಕೂಡಲೇ ಲೈನ್ ಕಡಿಯುವ ಸಾಧನವೊಂದನ್ನು ರೂಪಿಸಿದರು. ನಮ್ಮಲ್ಲಿ ಆ ಕೆಲಸಕ್ಕೆ ಬಳಸುವುದು ಆರ್‌ಸಿಸಿಬಿ.

ಆದರೆ ಕರೆಂಟು ಮಿತಿಮೀರಿದರೆ ಲೈನ್ ಕಡಿಯುವ ಎಂಸಿಬಿ ಇದೆಯಲ್ಲ ಎಂದು ಹುಡುಗ ಕೇಳಿದ. ಎಂಸಿಬಿ ಕಾಯುವುದು ವೈರನ್ನು, ಮನುಷ್ಯನನ್ನಲ್ಲ. 16 ಆಂಪಿಯರಿನ ಎಂಸಿಬಿಯ ಕಣ್ಣಿಗೆ 0.23 ಆಂಪಿಯರ್ ಒಂದು ದೊಡ್ಡ ಬಲ್ಬು, ಅಷ್ಟೇ. ನೀವು ಸಾಯುತ್ತಿದ್ದರೂ ಅದು ಬಲ್ಬು ಉರಿಯುತ್ತಿದೆ ಎಂದುಕೊಂಡು ಸುಮ್ಮನಿರುತ್ತದೆ. ಅರ್ಥಿಂಗ್ ಸರಿಯಾಗಿದ್ದ ಮನೆಯಲ್ಲೂ ಈ ತೊಂದರೆಯಿದೆ. ಅರ್ಥ್ ಗುಂಡಿಯ ರೋಧ 20 ಓಮ್ ಇದೆ ಅನ್ನಿ. ಬೇಸಿಗೆಯಲ್ಲಿ ಮರಳು ಒಣಗಿದರೆ, ಗುಂಡಿಗೆ ನೀರು ಹೊಯ್ಯುವವರು ಯಾರೂ ಇಲ್ಲದಿದ್ದರೆ ಇನ್ನೂ ಹೆಚ್ಚು. ಫೇಸು ಡಬ್ಬಿಗೆ ತಾಗಿದರೆ ನೆಲಕ್ಕೆ ಹರಿಯುವುದು 230ನ್ನು 20ರಿಂದ ಭಾಗಿಸಿದಷ್ಟು, ಅಂದರೆ 11.5 ಆಂಪಿಯರ್. ಎಂಸಿಬಿ ಅದಕ್ಕೂ ಟ್ರಿಪ್ ಆಗುವುದಿಲ್ಲ. ಡಬ್ಬಿ ಜೀವಂತವಾಗಿ ಕೂತೇ ಇರುತ್ತದೆ.

ಆರ್‌ಸಿಸಿಬಿಯ ಲೆಕ್ಕ ಬೇರೆ. ಫೇಸ್ ಮತ್ತು ನ್ಯೂಟ್ರಲ್ ಎರಡೂ ಒಂದೇ ಉಂಗುರದ ಮೂಲಕ ಹಾದುಹೋಗುತ್ತವೆ. ದೇವಸ್ಥಾನದ ಚಪ್ಪಲಿ ಸ್ಟ್ಯಾಂಡಿನವನ ಹಾಗೆ ಅದು ಒಳಗೆ ಹೋದ ಜೋಡಿ, ಹೊರಗೆ ಬಂದ ಜೋಡಿ ಎಣಿಸುತ್ತದೆ. 30 ಮಿಲಿಆಂಪಿಯರ್ ಕಡಿಮೆ ಬಂತೋ, ಯಾರದೋ ಮೈಮೇಲೆ ಹೋಯಿತು ಎಂದು ಲೈನ್ ಕಡಿದುಬಿಡುತ್ತದೆ. ಸೋರಿಕೆ ಅದರ ಐದು ಪಟ್ಟಾದರೆ 40 ಮಿಲಿಸೆಕೆಂಡಿನೊಳಗೆ ಕಡಿಯಬೇಕೆಂಬುದು ನಿಯಮ. ಹೃದಯದ ಒಂದು ಬಡಿತಕ್ಕೆ ಅದರ ಇಪ್ಪತ್ತು ಪಟ್ಟು ಹೊತ್ತು ಬೇಕು.

ಇಲ್ಲೊಂದು ಸೂಕ್ಷ್ಮವಿದೆ. ಬ್ಯಾಟರಿ ಚಾರ್ಜರ್ ಒಳಗೊಳಗೇ ಡಿಸಿ ತಯಾರಿಸುವ ಯಂತ್ರ. ಅದು ಕೆಟ್ಟಾಗ ಸೋರುವ ಕರೆಂಟೂ ಡಿಸಿಯೇ ಆಗಿರಬಹುದು. ಅಗ್ಗಕ್ಕೆ ಸಿಗುವ ‘ಎಸಿ’ ಮಾದರಿಯ ಆರ್‌ಸಿಸಿಬಿಯ ಉಂಗುರ ಅಲೆಯಂತೆ ಏರಿಳಿಯುವ ಸೋರಿಕೆಯನ್ನಷ್ಟೇ ಕಾಣಬಲ್ಲದು. ಸ್ಥಿರವಾದ ಡಿಸಿ ಸೋರಿದರೆ ಉಂಗುರ ಕಾಂತತ್ವದಿಂದ ತುಂಬಿಹೋಗಿ, ಪಕ್ಕದಲ್ಲಿ ಎಸಿ ಸೋರುತ್ತಿದ್ದರೂ ಕುರುಡಾಗುತ್ತದೆ. ‘ಎ’ ಮಾದರಿ ಇದಕ್ಕಿಂತ ವಾಸಿ, 6 ಮಿಲಿಆಂಪಿಯರ್ ಡಿಸಿ ಇದ್ದರೂ ತಡೆದುಕೊಂಡು ಕೆಲಸ ಮಾಡುತ್ತದೆ. ‘ಬಿ’ ಮಾದರಿ ನೇರ ಡಿಸಿಯನ್ನೂ ಹಿಡಿಯುತ್ತದೆ. ಬೆಲೆ ಕೇಳಿದರೆ ಮಾತ್ರ ಆ ಷಾಕಿಗೆ ಬೇರೆ ಸಾಧನ ಬೇಕು. ಸೈಕಲ್ಲಿಗೆ ‘ಎ’ ಸಾಕು ಎಂದು ನನ್ನ ಅಭಿಪ್ರಾಯ. ಕಾರನ್ನೇ ಮನೆಯಲ್ಲಿ ಎಲೆಕ್ಟ್ರಿಕ್ ಮಾಡಿಕೊಂಡವರು ಈ ವಿಷಯದಲ್ಲಿ ಜಿಪುಣತನ ಮಾಡಬಾರದು.

ಮೂರನೆಯ ತೂತಿಗೆ ಮರಳೋಣ. ತ್ರೀ ಪಿನ್ ಪ್ಲಗ್ಗಿನಲ್ಲಿ ಮೇಲಿನ ಪಿನ್ನು ದಪ್ಪ, ಉದ್ದ. ಒಳಗೆ ಹೋಗುವಾಗ ಎಲ್ಲರಿಗಿಂತ ಮೊದಲು ತಾಗುತ್ತದೆ, ಹೊರಗೆ ಬರುವಾಗ ಎಲ್ಲರಿಗಿಂತ ಕೊನೆಗೆ ಬಿಡುತ್ತದೆ, ಕರೆಂಟು ಇರುವಷ್ಟು ಹೊತ್ತೂ ರಕ್ಷಣೆ ಇರಲಿ ಎಂದು. ನಾವು ಆ ಜಾಣ್ಮೆಯನ್ನು ಮೂರು ಬಗೆಯಲ್ಲಿ ಹಾಳುಮಾಡುತ್ತೇವೆ. ಟೂ ಪಿನ್ ಅಡಾಪ್ಟರ್ ಸಿಕ್ಕಿಸುತ್ತೇವೆ. ಇಲ್ಲವೆ ತೂತಿನ ಹಿಂದೆ ವೈರನ್ನೇ ಹಾಕುವುದಿಲ್ಲ. ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು: ಅರ್ಥಿಂಗ್ ಇಲ್ಲದ ಮನೆಯಲ್ಲಿ ಎಲೆಕ್ಟ್ರಿಶಿಯನ್ ನ್ಯೂಟ್ರಲ್ಲಿನಿಂದಲೇ ಒಂದು ತುಂಡು ವೈರು ಎಳೆದು ಅರ್ಥ್ ತೂತಿಗೆ ಲೂಪ್ ಕೊಟ್ಟು ಹೋಗುತ್ತಾನೆ. ಟೆಸ್ಟರ್ ಹೊತ್ತುವುದು ನಿಲ್ಲುತ್ತದೆ, ಜುಮ್ಮೂ ನಿಲ್ಲುತ್ತದೆ, ಮನೆಯವರು ಸಂತೋಷದಿಂದ ದುಡ್ಡು ಕೊಡುತ್ತಾರೆ. ಮುಂದೊಂದು ದಿನ ಆ ಸಾಕೆಟ್ಟಿಗೆ ಬರುವ ನ್ಯೂಟ್ರಲ್ ಎಲ್ಲೋ ಸಡಿಲವಾಗಿ ಬಿಟ್ಟುಕೊಂಡರೆ, ಫೇಸು ಚಾರ್ಜರಿನೊಳಗಿಂದ ಹಾದು ನ್ಯೂಟ್ರಲ್ಲಿಗೆ ಬಂದು, ಲೂಪಿನ ಮೂಲಕ ಹ್ಯಾಂಡಲ್ಲಿಗೇ ಇಳಿಯುತ್ತದೆ. ಚಾರ್ಜರ್ ಸತ್ತಂತೆ ಕಾಣುತ್ತದೆ. ಯಾಕೆ ಆಫ್ ಆಯಿತು ಎಂದು ನೋಡಲು ನೀವು ಹೋಗಿ ಮುಟ್ಟುತ್ತೀರಿ.

ಗೋಡೆಯ ಕಡೆಯ ಪಿಡುಗುಗಳು ಇವಾದರೆ, ಚಾರ್ಜರ್ ಒಳಗೇ ಒಂದು ಗೆರೆ ಇದೆ. ಮಡಿಯುಟ್ಟ ಅಜ್ಜಿಯರು ಮಕ್ಕಳ ಕೈಗೆ ಚಕ್ಕುಲಿ ಹಾಕುತ್ತಿದ್ದ ಬಗೆ ನೆನಪು ಮಾಡಿಕೊಳ್ಳಿ. ಮೇಲಿನಿಂದ ಬಿಡುತ್ತಿದ್ದರು, ಚಕ್ಕುಲಿ ಬರುತ್ತಿತ್ತು, ಸ್ಪರ್ಶ ಬರುತ್ತಿರಲಿಲ್ಲ. ಟ್ರಾನ್ಸ್‌ಫಾರ್ಮರಿನ ಎರಡು ಸುರುಳಿಗಳ ನಡುವಿನ ವ್ಯವಹಾರವೂ ಹಾಗೇ. ಶಕ್ತಿ ಕಾಂತಕ್ಷೇತ್ರದ ಮೂಲಕ ದಾಟುತ್ತದೆ, ತಂತಿಗೆ ತಂತಿ ತಾಗುವುದಿಲ್ಲ. (ಮನೆಯಲ್ಲಿ ಆ ಮಡಿ ಹೋದದ್ದೇ ಒಳ್ಳೆಯದು. ಚಾರ್ಜರಿನಲ್ಲಿ ಮಾತ್ರ ಇರಲೇಬೇಕು.) ಮನೆಯಲ್ಲಿ ಗಾಡಿ ಕಟ್ಟುವ ಉತ್ಸಾಹಿಗಳಲ್ಲಿ ಕೆಲವರು ಖರ್ಚು ಉಳಿಸಲು ಕಾಲೇಜು ಲ್ಯಾಬಿನಲ್ಲಿ ಕಂಡ ಡಿಮ್ಮರ್‌ಸ್ಟಾಟನ್ನೇ ಚಾರ್ಜರ್ ಮಾಡಿಕೊಳ್ಳುತ್ತಾರೆ: ವೋಲ್ಟೇಜ್ ಇಳಿಸಿ, ಬ್ರಿಜ್ ರೆಕ್ಟಿಫೈಯರ್ ಹಾಕಿ, ನೇರ ಬ್ಯಾಟರಿಗೆ. ಡಿಮ್ಮರ್‌ಸ್ಟಾಟಿನಲ್ಲಿ ಇರುವುದು ಒಂದೇ ಸುರುಳಿ. ಮೀಟರಿನಲ್ಲಿ 54 ವೋಲ್ಟ್ ಕಾಣುತ್ತದೆ, ಆದರೆ ಅದು ಬ್ಯಾಟರಿಯ ಎರಡು ತುದಿಗಳ ನಡುವಿನ ಲೆಕ್ಕ. ನೆಲಕ್ಕೂ ಬ್ಯಾಟರಿಗೂ ನಡುವೆ ಮನೆಯ ಪೂರ್ತಿ ಕರೆಂಟೇ ಇದ್ದೀತು. 60 ವೋಲ್ಟಿನೊಳಗಿನ ಡಿಸಿ ಅಷ್ಟಾಗಿ ಅಪಾಯವಲ್ಲ ಎಂಬ ಮಾತನ್ನು ನಂಬಿ ಅದಕ್ಕೆ ಕೈಹಾಕಿದವನು ಮುಟ್ಟುವುದು ಬ್ಯಾಟರಿಯನ್ನಲ್ಲ, ಕಂಬದ ಲೈನನ್ನು.

ಷಾಕಿನ ಮಾತು ಇಷ್ಟು ಸಾಕು. ಬೆಂಕಿಯದು ನಿಧಾನದ ಕೆಲಸ.

ಬೆಂಗಳೂರಿನಲ್ಲಿ 2001ರಲ್ಲಿ ಚೇತನ್ ಮೈನಿಯವರ ರೇವಾ ಕಾರು ಮಾರಾಟಕ್ಕೆ ಬಂದಾಗ ಅದರ ದೊಡ್ಡ ಆಕರ್ಷಣೆಯೇ ಮನೆಯ 15 ಆಂಪಿಯರ್ ಸಾಕೆಟ್ಟಿಗೆ ಸಿಕ್ಕಿಸಿದರೆ ಸಾಕು ಎಂಬುದು. ಅಂದಿನಿಂದ ‘ಪವರ್ ಪಾಯಿಂಟ್ ಇದ್ದರೆ ಆಯಿತು’ ಎಂಬ ನಂಬಿಕೆ ಬೇರೂರಿದೆ. ಆದರೆ ಆ ಸಾಕೆಟ್ಟು ಗೀಸರಿಗೂ ಇಸ್ತ್ರಿಪೆಟ್ಟಿಗೆಗೂ ದುಡಿದದ್ದು ಅರ್ಧ ಗಂಟೆ, ಒಂದು ಗಂಟೆ. ಗಾಡಿ ಕೇಳುವುದು ಏಳೆಂಟು ಗಂಟೆ ಒಂದೇ ಸಮನೆ. ಒಳಗಿನ ಹಿತ್ತಾಳೆ ಹಿಡಿಕೆ ಸಡಿಲವಾಗಿ, ತಾಗುವ ಜಾಗದ ರೋಧ ಕೇವಲ ಅರ್ಧ ಓಮ್ ಆಯಿತೆನ್ನಿ. ಹತ್ತು ಆಂಪಿಯರ್ ಹರಿದರೆ ಕರೆಂಟಿನ ವರ್ಗ ನೂರು, ಅದರರ್ಧ 50 ವಾಟ್. ರಿಚ್ಚಿ ಸ್ಟ್ರೀಟಿನಲ್ಲಿ ಸಿಗುವ ಸಾಮಾನ್ಯ ಸೋಲ್ಡರಿಂಗ್ ಐರನ್ 25 ವಾಟ್. ಅಂಥ ಎರಡನ್ನು ಗೋಡೆಯ ಪ್ಲಾಸ್ಟಿಕ್ ಡಬ್ಬಿಯೊಳಗಿಟ್ಟು ರಾತ್ರಿಯಿಡೀ ಉರಿಸಿದ ಹಾಗೆ. ಎಂಸಿಬಿಗೂ ಆರ್‌ಸಿಸಿಬಿಗೂ ಇದು ಕಾಣುವುದಿಲ್ಲ, ಕರೆಂಟು ಎಲ್ಲೂ ಹೆಚ್ಚೂ ಆಗಿಲ್ಲ, ಸೋರಿಯೂ ಇಲ್ಲ. ಇದನ್ನು ಹಿಡಿಯಬಲ್ಲದ್ದು ನಿಮ್ಮ ಮೂಗು ಮತ್ತು ಅಂಗೈ: ಅರ್ಧ ಗಂಟೆ ಚಾರ್ಜ್ ಆದ ಮೇಲೆ ಸ್ವಿಚ್ ಆಫ್ ಮಾಡಿ, ಪ್ಲಗ್ಗಿನ ಪ್ಲಾಸ್ಟಿಕ್ ಬೆನ್ನು ಮುಟ್ಟಿ ನೋಡಿ. ಬೆಸೆಂಟ್ ನಗರದಂಥ ಸಮುದ್ರದಂಚಿನ ಬಡಾವಣೆಯಲ್ಲಿ ಉಪ್ಪುಗಾಳಿ ಕಿಟಕಿಯ ಸರಳನ್ನೇ ತಿನ್ನುತ್ತದೆ, ಸಾಕೆಟ್ಟಿನ ಹಿತ್ತಾಳೆಯನ್ನು ಬಿಟ್ಟೀತೆ? ಮೇಲಿನ ಮಹಡಿಯಿಂದ ಇಳಿಬಿಟ್ಟ ತೆಳು ಎಕ್ಸ್‌ಟೆನ್ಷನ್ ವೈರಿನದೂ ಇದೇ ಕಥೆ. ಒಂದು ಚದರ ಮಿಲಿಮೀಟರಿನ ತಾಮ್ರದ ವೈರು 30 ಮೀಟರ್ ಇದ್ದರೆ, ಹೋಗಿ ಬರುವ ದಾರಿಯ ರೋಧ ಸುಮಾರು ಒಂದು ಓಮ್. ಹತ್ತು ಆಂಪಿಯರಿಗೆ ನೂರು ವಾಟ್ ಶಾಖ. ಹರಡಿದ್ದರೆ ಗಾಳಿಗೆ ಹೋಗುತ್ತದೆ, ಉಳಿದದ್ದನ್ನು ಚಕ್ಕುಲಿಯಂತೆ ಸುತ್ತಿಟ್ಟಿದ್ದರೆ ಅಲ್ಲೇ ಬೇಯುತ್ತದೆ.

ಚೆನ್ನೈಗೆ ಹತ್ತಿರದ ವೇಲೂರಿನಲ್ಲಿ 2022ರ ಮಾರ್ಚ್ ಕೊನೆಯ ವಾರ ಒಂದು ಮನೆಯಲ್ಲಿ ರಾತ್ರಿ ಸ್ಕೂಟರನ್ನು ಚಾರ್ಜಿಗೆ ಹಾಕಿ ಮಲಗಿದ್ದರು. ಬೆಂಕಿ ಹತ್ತಿತು. ತಂದೆ ಮತ್ತು 13 ವರ್ಷದ ಮಗಳು ಹೊಗೆಗೆ ಉಸಿರುಕಟ್ಟಿ ತೀರಿಕೊಂಡರು. ಅದರ ಬೆನ್ನಿಗೇ ಚೆನ್ನೈನ ಮಂಜಂಬಾಕ್ಕಂನಲ್ಲಿ ಇನ್ನೊಂದು ಸ್ಕೂಟರು ರಸ್ತೆ ಬದಿಯಲ್ಲಿ ಹೊತ್ತಿ ಉರಿಯಿತು. 2025ರ ಮಾರ್ಚಿನಲ್ಲಿ ಮಧುರವಾಯಲ್‌ನಲ್ಲಿ ಮನೆಯ ಕೆಳಗೆ ಚಾರ್ಜ್ ಆಗುತ್ತಿದ್ದ ಸ್ಕೂಟರಿನ ಬೆಂಕಿಗೆ ಒಂಬತ್ತು ತಿಂಗಳ ಕೂಸು ಬಲಿಯಾಯಿತು. ಇವೆಲ್ಲ ಕಂಪನಿಯ ಗಾಡಿಗಳು. ಮನೆಯಲ್ಲಿ ಕಟ್ಟಿದ್ದಕ್ಕೆ ಕಂಪನಿಯ ಪರೀಕ್ಷೆಯ ಆಸರೆಯೂ ಇಲ್ಲ. 2022ರ ಬೆಂಕಿಗಳ ನಂತರ ದ್ವಿಚಕ್ರ ವಾಹನಗಳ ಬ್ಯಾಟರಿಗೆ ಅನ್ವಯಿಸುವ ಎಐಎಸ್-156 ನಿಯಮವನ್ನು ಬಿಗಿಮಾಡಿ, ಆ ಡಿಸೆಂಬರಿನಿಂದ ಹಂತಹಂತವಾಗಿ ಜಾರಿಗೆ ತಂದರು. ಹೆಚ್ಚು ತಾಪ ಸಂವೇದಕಗಳು, ಸೆಲ್ಲುಗಳ ನಡುವೆ ಅಂತರ, ನೀರು ಹೊಗದ ಪೆಟ್ಟಿಗೆ ಎಲ್ಲ ಬಂದವು. 250 ವಾಟ್, 25 ಕಿಲೋಮೀಟರ್ ವೇಗದೊಳಗಿನ ಸೈಕಲ್ಲು ಕಾನೂನಿನ ಕಣ್ಣಿಗೆ ಮೋಟಾರು ವಾಹನವೇ ಅಲ್ಲ. ಲೈಸೆನ್ಸ್ ಬೇಡ, ನಂಬರ್ ಪ್ಲೇಟ್ ಬೇಡ. ಬೆಂಕಿ ಮಾತ್ರ ಈ ವಿನಾಯಿತಿಯನ್ನು ಓದಿಲ್ಲ.

ಹುಡುಗನ 65 ಸೆಲ್ಲಿನ ಬ್ಯಾಟರಿಯಲ್ಲಿ ನನಗೆ ಕಂಡ ಕೊರತೆ ಒಂದೇ, ಆದರೆ ದೊಡ್ಡದು. ಪಂಕ್ತಿ ಊಟಕ್ಕೆ 13 ಜನ ಕೂತಿದ್ದಾರೆ. ಬಡಿಸುವವನಿಗೆ ಒಟ್ಟು 54.6 ಸೌಟು ಹಾಕಿ ಬಾ ಎಂದು ಹೇಳಿ ಕಳಿಸಿದ್ದಾರೆ, ತಲೆಗೆ 4.2. ಚಾರ್ಜರ್ ನೋಡುವುದು ಒಟ್ಟು ಲೆಕ್ಕವನ್ನಷ್ಟೇ. ಹಳೆಯ ಲ್ಯಾಪ್‌ಟಾಪಿನ ಸೆಲ್ಲುಗಳಲ್ಲಿ ಒಂದರ ಹೊಟ್ಟೆ ಕುಗ್ಗಿರುತ್ತದೆ, ಅದು ಬೇಗ ತುಂಬುತ್ತದೆ. ಆ ಒಂದು ಗುಂಪು 4.5 ವೋಲ್ಟಿಗೆ ಏರಿ, ಉಳಿದ 12 ತಲಾ 4.175ರಲ್ಲಿ ನಿಂತರೂ ಮೊತ್ತ ಅದೇ 54.6. ಚಾರ್ಜರಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಒಂದೊಂದು ಎಲೆಯ ಮುಂದೆ ಬಗ್ಗಿ ‘ಸಾಕಾ?’ ಎಂದು ಕೇಳುವವನು ಬಿಎಂಎಸ್, ಅಂದರೆ ಬ್ಯಾಟರಿ ಮ್ಯಾನೇಜ್‌ಮೆಂಟ್ ಸಿಸ್ಟಮ್. ಹುಡುಗನ ಬ್ಯಾಟರಿಯಲ್ಲಿ ಇಲ್ಲದ್ದು ಅದೇ. ಅವನಿಲ್ಲದ ಪಂಕ್ತಿಯಲ್ಲಿ ಅತಿಯಾಗಿ ತಿಂದ ಸೆಲ್ಲಿನೊಳಗೆ ಲಿಥಿಯಂ ಲೋಹವಾಗಿ ಗ್ರಾಫೈಟಿನ ಮೇಲೆ ಕೂರತೊಡಗುತ್ತದೆ, ಸೆಲ್ಲು ಬಿಸಿಯೇರುತ್ತದೆ. ಸುಮಾರು 130 ಡಿಗ್ರಿಗೆ ಎರಡು ಪದರಗಳ ನಡುವಿನ ಪ್ಲಾಸ್ಟಿಕ್ ಪೊರೆ ಕರಗುತ್ತದೆ. ಇನ್ನೂ ಬಿಸಿಯಾದರೆ ಧನಾಗ್ರದ ಆಕ್ಸೈಡು ತನ್ನೊಳಗಿನ ಆಮ್ಲಜನಕವನ್ನೇ ಬಿಟ್ಟುಕೊಡುತ್ತದೆ. ಅದಕ್ಕೇ ಕಂಬಳಿ ಮುಚ್ಚಿದರೂ ಆ ಬೆಂಕಿ ಆರುವುದಿಲ್ಲ. ಲಿಥಿಯಂ ಸೆಲ್ಲನ್ನು ಚಾರ್ಜ್ ಮಾಡಲು ತಯಾರಕರು ಸಾಮಾನ್ಯವಾಗಿ ಹಾಕುವ ಮೇಲ್ಮಿತಿ 45 ಡಿಗ್ರಿ. 2003ರ ಮೇ 31ರಂದು ಚೆನ್ನೈನ ನುಂಗಂಬಾಕ್ಕಂ ಹವಾಮಾನ ಕೇಂದ್ರದಲ್ಲಿ ದಾಖಲಾದ ತಾಪವೂ ಅಷ್ಟೇ, ಅದೂ ನೆರಳಿನಲ್ಲಿ. ಬಿಸಿಲಲ್ಲಿ ಓಡಿಸಿ ಬಂದ ಗಾಡಿಯನ್ನು ಒಂದು ಗಂಟೆ ಆರಲು ಬಿಡದೆ ಚಾರ್ಜಿಗೆ ಹಾಕುವುದು ಈ ಊರಿನಲ್ಲಿ ಸಣ್ಣ ತಪ್ಪಲ್ಲ.

ಚೆನ್ನೈಯ ಇನ್ನೊಂದು ಶತ್ರು ನೀರು. ಈ ಊರಿಗೆ ಅದು ಹೊಸ ಪಾಠವೇನಲ್ಲ. 1895ರ ಮೇ 7ರಂದು ಇಲ್ಲಿ ಭಾರತದ ಮೊದಲ ಎಲೆಕ್ಟ್ರಿಕ್ ಟ್ರಾಮ್ ಓಡಿತು. ಅದಕ್ಕೆ ಕರೆಂಟು ಬರುತ್ತಿದ್ದದ್ದು ತಲೆಯ ಮೇಲಿನ ತಂತಿಯಿಂದಲ್ಲ, ರಸ್ತೆಯಡಿಯ ಕಾಲುವೆಯಲ್ಲಿ ಹುದುಗಿಸಿದ ವಾಹಕದಿಂದ. ಮಳೆಗಾಲಗಳು ಬಂದು ಆ ಕಾಲುವೆಯನ್ನು ಕೆಡಿಸಿದವು, ಎಂಜಿನಿಯರುಗಳು ಸೋತು ತಂತಿಯನ್ನು ಮೇಲಕ್ಕೆತ್ತಿದರು. ಆ ಮೊದಲ ಟ್ರಾಮ್ ಓಡಿದ ನೂರಿಪ್ಪತ್ತೆಂಟು ವರ್ಷಗಳಾಚೆ, 2023ರ ಡಿಸೆಂಬರಿನಲ್ಲಿ ಮಿಚೌಂಗ್ ಚಂಡಮಾರುತ ಬಂದಾಗ ವೇಳಚ್ಚೇರಿಯ ಬೀದಿಗಳಲ್ಲಿ ದೋಣಿ ಓಡಾಡಿದವು. ನೆಲದಿಂದ ಒಂದಡಿ ಎತ್ತರಕ್ಕೆ ಸಾಕೆಟ್ ಕೂರಿಸುವುದನ್ನು ಇಂದಿಗೂ ಪಾರ್ಕಿಂಗ್‌ಗಳಲ್ಲಿ ಕಾಣುತ್ತೇನೆ, ಟ್ರಾಮಿನವರು ಕಲಿತದ್ದನ್ನು ನಾವು ಮರೆತಿದ್ದೇವೆ. ಮುಳುಗಿದ ಬ್ಯಾಟರಿ ಒಣಗಿದ ಮೇಲೂ ನಂಬಿಕೆಗೆ ತಕ್ಕದ್ದಲ್ಲ. 2022ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಇಯಾನ್ ಚಂಡಮಾರುತದ ಉಪ್ಪುನೀರಿನಲ್ಲಿ ನೆನೆದ ಎಲೆಕ್ಟ್ರಿಕ್ ಕಾರುಗಳು ದಿನಗಳ ನಂತರ ಹೊತ್ತಿಕೊಂಡವು.

ಹಾಗಾದರೆ ಕೈಯಾರೆ ಕಟ್ಟಲೇಬಾರದೆ? ಕಟ್ಟಬಹುದು. ಇದೇ ಊರಿನ ಐಐಟಿ ಮದ್ರಾಸಿನ ‘ರಫ್ತಾರ್’ ತಂಡದ ವಿದ್ಯಾರ್ಥಿಗಳು 2022ರ ನವೆಂಬರಿನಲ್ಲಿ ತಾವೇ ಕಟ್ಟಿದ ಎಲೆಕ್ಟ್ರಿಕ್ ಫಾರ್ಮುಲಾ ಕಾರನ್ನು ಹೊರತಂದರು. ಅಂಥ ಕಾರುಗಳ ವಿದ್ಯಾರ್ಥಿ ಸ್ಪರ್ಧೆಗಳ ನಿಯಮ ಪುಸ್ತಕದಲ್ಲಿ ಚಾರ್ಜಿಂಗಿನ ಅಧ್ಯಾಯವನ್ನು ಓದಬೇಕು. ಬ್ಯಾಟರಿಯನ್ನು ಕಾರಿನಿಂದ ಇಳಿಸಿ ಕೈಗಾಡಿಯ ಮೇಲಿಟ್ಟು, ಗೊತ್ತುಮಾಡಿದ ಜಾಗದಲ್ಲೇ ಚಾರ್ಜ್ ಮಾಡಬೇಕು. ಬ್ಯಾಟರಿಗೂ ಚೌಕಟ್ಟಿಗೂ ನಡುವಿನ ಇನ್ಸುಲೇಶನ್ ಎಷ್ಟಿದೆ ಎಂದು ಒಂದು ಸಾಧನ ಸದಾ ಅಳೆಯುತ್ತಿರಬೇಕು. ಪ್ರತಿ ವೋಲ್ಟಿಗೆ 500 ಓಮಿಗಿಂತ ಕೆಳಗಿಳಿದರೆ ತಾನಾಗಿ ಕಡಿಯಬೇಕು. ಚಾರ್ಜಿಂಗ್ ಗೊತ್ತಿರುವ ಒಬ್ಬನಾದರೂ ಮುಗಿಯುವವರೆಗೆ ಪಕ್ಕದಲ್ಲೇ ಇರಬೇಕು. ಮೊಬೈಲಿನ ಅಭ್ಯಾಸದಿಂದ ರಾತ್ರಿ ಚುಚ್ಚಿ ಮಲಗುವ ನಮಗೆ ಇದು ಅತಿಯೆನಿಸುತ್ತದೆ. ಕಾರಿನ ಚಾರ್ಜಿಂಗ್ ಸ್ಟೇಷನ್ನಿನ ಎಸಿ ಗನ್ನಿನಲ್ಲೂ ಇಂಥ ಶಿಸ್ತಿದೆ. ಅದರ ಒಂದು ಪಿನ್ನಿನಲ್ಲಿ 12 ವೋಲ್ಟಿನ ಸಂಕೇತ ಕಾಯುತ್ತಿರುತ್ತದೆ. ಗಾಡಿ ಸಿಕ್ಕಿಸಿದಾಗ ಅದು 9ಕ್ಕೆ, ಗಾಡಿ ‘ಸಿದ್ಧ’ ಎಂದಾಗ 6ಕ್ಕೆ ಇಳಿಯುತ್ತದೆ. ಆಮೇಲಷ್ಟೇ ಒಳಗೆ ಟಕ್ ಎಂದು ಲೈನ್ ಸೇರುತ್ತದೆ. ನಮ್ಮ ಗೋಡೆಯ ಸಾಕೆಟ್ಟಿಗೆ ಇಂಥ ಮಾತುಕತೆ ಗೊತ್ತಿಲ್ಲ, ಯಾರು ಬಂದರೂ ಕೊಡುತ್ತದೆ.

ಮರುದಿನ ಎಲೆಕ್ಟ್ರಿಶಿಯನ್ ಬಂದ. ಮೇನ್ ಆಫ್ ಮಾಡಿ ಸಾಕೆಟ್ಟಿನ ಮುಚ್ಚಳ ತೆಗೆದ. ಮೂರನೆಯ ತೂತಿನ ಹಿಂದೆ ಒಂದು ಹಸಿರು ವೈರು ಇತ್ತು. ಯಾರೋ ಅದನ್ನು ಮಡಚಿ, ಕಪ್ಪು ಟೇಪು ಸುತ್ತಿ, ಡಬ್ಬಿಯ ಮೂಲೆಗೆ ತಳ್ಳಿದ್ದರು. ಟೇಪಿನ ಅಂಟು ಕಾದು ಜೇನಿನಂತಾಗಿತ್ತು. ಹುಡುಗ ಅದನ್ನು ಉಗುರಿನಿಂದ ಕೆರೆಯುತ್ತಾ, “ಇಷ್ಟು ವರ್ಷ ಇಲ್ಲೇ ಇತ್ತಲ್ಲ ಮಾವ” ಎಂದ. ವೈರು ಜೋಡಿಸಿ, ಅದರ ಇನ್ನೊಂದು ತುದಿ ಮೀಟರ್ ಬೋರ್ಡಿನಲ್ಲಿ ಅರ್ಥ್ ಪಟ್ಟಿಗೆ ಸೇರಿದೆಯೇ ಎಂದು ಅಳೆದು, ಪಾರ್ಕಿಂಗಿನ ಲೈನಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಕೂರಿಸಿದರು. ಚಾರ್ಜರನ್ನು ಕ್ಯಾರಿಯರಿನಿಂದ ಬಿಚ್ಚಿ ಮರದ ಹಲಗೆಯ ಮೇಲಿಟ್ಟದ್ದಾಯಿತು. ಬಿಎಂಎಸ್ ಬರುವವರೆಗೆ ಆ ಬ್ಯಾಟರಿಯನ್ನು ಮುಟ್ಟುವುದಿಲ್ಲ ಎಂದು ಹುಡುಗ ಅವರಮ್ಮನ ಎದುರು ಒಪ್ಪಿಕೊಂಡ.

ಆರ್‌ಸಿಸಿಬಿಯ ಮೈಮೇಲೆ ‘ಟಿ’ ಎಂದು ಬರೆದ ಚಿಕ್ಕ ಗುಂಡಿಯಿರುತ್ತದೆ. ಒತ್ತಿದರೆ ಬೇಕೆಂದೇ ಒಂದಿಷ್ಟು ಕರೆಂಟು ಸೋರಿಸಿ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ. ಹುಡುಗ ಒತ್ತಿದ. ಟಪ್ಪೆಂದಿತು. ಪಾರ್ಕಿಂಗಿನ ದೀಪ ಆರಿತು, ಅದೇ ಲೈನಿನಲ್ಲಿದ್ದ ನೀರಿನ ಮೋಟಾರು ಗೊರ ಗೊರ ಎನ್ನುತ್ತಾ ನಿಂತಿತು. ನಾಲ್ಕನೆಯ ಮಹಡಿಯಿಂದ ಒಂದು ಹೆಂಗಸಿನ ಧ್ವನಿ ಕೇಳಿಬಂತು, ಮೋಟಾರು ಯಾಕೆ ಆಫ್ ಮಾಡಿದಿರಿ, ಟ್ಯಾಂಕು ಇನ್ನೂ ಅರ್ಧವೂ ತುಂಬಿಲ್ಲ ಎಂದು.